ಪುಕ್ಕಟೆ ಸಾಫ್ಟ್‌ವೇರ್‌ಗೆ 'ಲೈಸೆನ್ಸ್' ಅಂತ 2,700 ರೂಪಾಯಿ ಕಟ್ಟಿದೆ, ನೀವು ಕಟ್ಟಬೇಡಿ

ಇದನ್ನ ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಯಾಕಂದ್ರೆ ನಾನಿರುವ ಒಂದು ಟೆಲಿಗ್ರಾಂ ಗುಂಪಿನಲ್ಲಿ ಮೊನ್ನೆ ಇನ್ನೊಬ್ಬ ಹುಡುಗ ನನಗೆ ಬಂದಿದ್ದ ಎರರ್‌ನ ಫೋಟೋನೇ ಹಾಕಿದ್ದ, ಎರಡು ನಿಮಿಷ ಆಗಿರಲಿಲ್ಲ, ಕೆಳಗೆ ನನ್ನ ದುಡ್ಡು ತಿಂದ ಅದೇ ಮನುಷ್ಯ 'ಪರ್ಸನಲ್ ಮೆಸೇಜ್ ಮಾಡಿ ಬ್ರೋ, ಸಾಲ್ವ್ ಮಾಡಿಕೊಡ್ತೀನಿ' ಅಂತ ಬಂದು ಕೂತಿದ್ದ. ಮೈ ಉರಿದು ಹೋಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಬಿಸಿಎ ಓದಿದವನು. ನೆಂಟರಲ್ಲಿ ಯಾರ ಪ್ರಿಂಟರ್ ಕೆಟ್ಟರೂ ನನಗೇ ಫೋನು. ಅಂಥವನು ಮೋಸ ಹೋದೆ.

ಅಕ್ಕನ ಮಗಳಿಗೆ ಅಂತ ಅಳಿಗುಳಿ ಮಣೆ ಆಟವನ್ನು ಕಂಪ್ಯೂಟರ್‌ನಲ್ಲಿ ಮಾಡುತ್ತಿದ್ದೆ. 14 ಗುಳಿ, ಹುಣಸೆ ಬೀಜ, ಬೀಜ ಬಿದ್ದಾಗ ಟಕ್ ಅನ್ನುವ ಸದ್ದು. ಸದ್ದನ್ನು ಅಜ್ಜಿಯ ಹಳೇ ಮಣೆಯ ಮೇಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ದಸರಾ ರಜೆಗೆ ಬಂದಾಗ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಗೋಡಾಟ್ ಅಂತ ಆಟ ಮಾಡುವ ಸಾಫ್ಟ್‌ವೇರ್ ಇದೆ, ಅದರ 3ನೇ ಆವೃತ್ತಿಯಲ್ಲಿ ಒಂದು ವರ್ಷ ಕಲಿತಿದ್ದೆ, ಏನೂ ತೊಂದರೆ ಇರಲಿಲ್ಲ. ಈಗ ಎಲ್ಲ ವೀಡಿಯೊ ಪಾಠಗಳೂ ಗೋಡಾಟ್ 4ರಲ್ಲೇ ಇವೆ ಅಲ್ವಾ, ಸರಿ ಅಂತ 4 ಇಳಿಸಿಕೊಂಡೆ. ಪ್ರಾಜೆಕ್ಟ್ ತೆರೆಯಲು ಹೋದರೆ ತೆರೆಯಲೇ ಇಲ್ಲ, ಒಂದು ಎರರ್ ಡಬ್ಬಿ ಬಂತು. ನಿಮ್ಮ ವೀಡಿಯೊ ಕಾರ್ಡ್ ಡ್ರೈವರ್‌ಗೆ ಬೇಕಾದ ವಲ್ಕನ್ ಆವೃತ್ತಿ ಇಲ್ಲದ ಹಾಗಿದೆ ಅನ್ನೋದು ಮೊದಲ ಸಾಲು. ವಲ್ಕನ್ ಅಂದ್ರೆ ಪರದೆ ಮೇಲೆ ಚಿತ್ರ ಮೂಡಿಸಲು ಸಾಫ್ಟ್‌ವೇರು ಗ್ರಾಫಿಕ್ಸ್ ಚಿಪ್ ಜೊತೆ ಮಾತಾಡುವ ಒಂದು ವಿಧಾನ. ಅಷ್ಟು ಓದಿ ಓಕೆ ಒತ್ತಿದೆ. ಕೆಳಗೆ ಇನ್ನೂ ನಾಲ್ಕೈದು ಸಾಲು ಇತ್ತು. ಓದಲಿಲ್ಲ. ಆ ಸಾಲುಗಳ ಕಥೆ ಆಮೇಲೆ ಬರುತ್ತದೆ.

ಡ್ರೈವರ್ ಅಪ್‌ಡೇಟ್ ಮಾಡಿದೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ, ಊಹೂಂ. ರಾತ್ರಿ ಹನ್ನೊಂದಾಗಿತ್ತು. ಗುಂಪಿನಲ್ಲಿ ಫೋಟೋ ಹಾಕಿದೆ. ತಕ್ಷಣ ಇವನು ಬಂದ. ಒಳ್ಳೆ ಕನ್ನಡ, ಸರ್ ಸರ್ ಅಂತ ಮರ್ಯಾದೆ. ನಮ್ಮ ಕಡೆಯವನು ಅನ್ನಿಸಿತು. ಅಲ್ಲೇ ಬಿದ್ದೆ ನಾನು. ಇಂಗ್ಲಿಷಿನಲ್ಲಿ ಇದನ್ನೇ ಹೇಳಿದ್ದರೆ ಹತ್ತು ಸಲ ಯೋಚಿಸುತ್ತಿದ್ದೆ.

ಚೆಕಿಂಗ್ ಚಾರ್ಜ್ 500 ಅಂದ. ಯುಪಿಐಯಲ್ಲಿ ಹಾಕಿದೆ. ದೂರದಿಂದ ಕಂಪ್ಯೂಟರ್ ನೋಡುವ ಆಪ್ ಹಾಕಿಸಿದ, ಅದರಲ್ಲಿ ಬಂದ ನಂಬರ್ ಕೇಳಿದ, ಹೇಳಿದೆ. ಇಂಥ ಆಪ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅದನ್ನು ಅಪ್ಪನಿಗೆ ಓದಿ ಹೇಳಿದವನೂ ನಾನೇ!

ನನ್ನ ಕಣ್ಣೆದುರಿಗೇ ಮೌಸ್ ತಾನಾಗಿ ಓಡಾಡಿತು. ಕಪ್ಪು ಕಮಾಂಡ್ ಕಿಟಕಿ ತೆರೆದ. ಟ್ರೀ ಅಂತ ಟೈಪ್ ಮಾಡಿ ಎಂಟರ್ ಒತ್ತಿದ. ಸಾಲು ಸಾಲಾಗಿ ಹರಿಯಲು ಶುರುವಾಯಿತು. 'ಸ್ಕ್ಯಾನ್ ಆಗ್ತಿದೆ ಸರ್, ಮುಟ್ಟಬೇಡಿ' ಅಂದ. ಟ್ರೀ ಅಂದ್ರೆ ಫೋಲ್ಡರ್‌ಗಳ ಪಟ್ಟಿ ತೋರಿಸುವ ಕಮಾಂಡು ಅಷ್ಟೇ. ಮೊದಲ ವರ್ಷದ ಲ್ಯಾಬಿನಲ್ಲಿ ನಾನೇ ಹೊಡೆದ ಕಮಾಂಡು. ಆ ಹೊತ್ತಿಗೆ ನನ್ನ ತಲೆಗೆ ಏನಾಗಿತ್ತೋ. ಹರಿಯೋದು ನಿಂತ ಮೇಲೆ ಕೊನೆಯಲ್ಲಿ 'ವಲ್ಕನ್ ಕೀ ಎಕ್ಸ್‌ಪೈರ್ಡ್' ಅಂತ ಇತ್ತು. ಅದನ್ನು ಕಂಪ್ಯೂಟರ್ ಹೇಳಿದ್ದಲ್ಲ, ಅವನೇ ಟೈಪ್ ಮಾಡಿದ್ದು. ಎಂಟರ್ ಮಾತ್ರ ಒತ್ತಲಿಲ್ಲ. ಒತ್ತಿದ್ದರೆ ಇಂಥ ಕಮಾಂಡೇ ಇಲ್ಲ ಅಂತ ವಿಂಡೋಸೇ ಹೇಳಿಬಿಡುತ್ತಿತ್ತು.

'ನೋಡಿದ್ರಲ್ಲ ಸರ್, ನಿಮ್ಮ ವಲ್ಕನ್ ಲೈಸೆನ್ಸ್ ಮುಗಿದಿದೆ. ಒಂದು ವರ್ಷಕ್ಕೆ 2,200. ಬೇರೆಯವರು 4,000 ತಗೋತಾರೆ.'

ಹಾಕಿದೆ. ಹೌದು, ಹಾಕಿದೆ. ಐದು ನಿಮಿಷ ಪರದೆ ಕಪ್ಪಾಯಿತು, 'ಆಕ್ಟಿವೇಶನ್' ಅಂದ. ಆಮೇಲೆ ಡೆಸ್ಕ್‌ಟಾಪ್ ಮೇಲೆ ಹೊಸ ಐಕಾನ್. ಒತ್ತಿದೆ, ಗೋಡಾಟ್ ತೆರೆಯಿತು. ಅವನಿಗೆ ಕೈ ಮುಗಿಯುವ ಇಮೋಜಿ ಮೂರು ಕಳಿಸಿದೆ. ಈಗ ಆ ಚಾಟ್ ತೆರೆದರೆ ಆ ಮೂರು ಕೈಗಳನ್ನೇ ನೋಡಲು ಆಗುವುದಿಲ್ಲ.

ಎರಡು ವಾರ ಆರಾಮ. ಆಮೇಲೆ ಗೋಡಾಟ್‌ನ ಹೊಸ ಆವೃತ್ತಿ ಇಳಿಸಿದೆ. ಅದಕ್ಕೇನೂ ಇನ್‌ಸ್ಟಾಲ್ ಗಿನ್‌ಸ್ಟಾಲ್ ಇಲ್ಲ, ಜಿಪ್ ಬಿಚ್ಚಿದರೆ ಆಯಿತು. ಒತ್ತಿದರೆ ಮತ್ತೆ ಅದೇ ಡಬ್ಬಿ. ಅವನಿಗೆ ಮೆಸೇಜ್ ಮಾಡಿದೆ. 'ಸರ್ ಲೈಸೆನ್ಸ್ ಹಳೆ ಫೈಲ್‌ಗೆ ಮಾತ್ರ. ಹೊಸದಕ್ಕೆ ಟ್ರಾನ್ಸ್‌ಫರ್ ಚಾರ್ಜ್ 1,200.'

ಆಗ ಎಲ್ಲೋ ಕುಟುಕಿತು. ಲೈಸೆನ್ಸು ನನ್ನ ಕಂಪ್ಯೂಟರ್‌ಗಾ, ಫೈಲ್‌ಗಾ? ಅವನು ಮಾಡಿಕೊಟ್ಟ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದೆ. ಟಾರ್ಗೆಟ್ ಅಂತ ಒಂದು ಉದ್ದನೆ ಚೌಕ ಇರುತ್ತದಲ್ಲ, ಅದರಲ್ಲಿ ಫೈಲ್ ಹೆಸರು, ಆಮೇಲೆ ಒಂದು ಸ್ಪೇಸ್, ಎರಡು ಗೀಟು, ರೆಂಡರಿಂಗ್-ಡ್ರೈವರ್, ಮತ್ತೆ ಸ್ಪೇಸ್, ಓಪನ್‌ಜಿಎಲ್3. ಅಷ್ಟೇ. ಓಪನ್‌ಜಿಎಲ್ ಅಂದ್ರೆ ವಲ್ಕನ್ ಮಾಡುವ ಕೆಲಸವನ್ನೇ ಮಾಡುವ ಹಳೇ ವಿಧಾನ. 2,700 ರೂಪಾಯಿಯ ಲೈಸೆನ್ಸ್ ಅಂದ್ರೆ ಆ ಎರಡು ಗೀಟು, ಎರಡು ಪದ.

ಎರರ್ ಡಬ್ಬಿಯನ್ನು ಮತ್ತೆ ಬರಿಸಿದೆ. ಈ ಸಲ ಕೊನೇತನಕ ಓದಿದೆ. ಡ್ರೈವರ್ ಅಪ್‌ಡೇಟ್ ಮಾಡಿ, ಇಲ್ಲವೇ ಓಪನ್‌ಜಿಎಲ್ 3 ಬಳಸಿ, ಬಳಸಲು ಹೀಗೆ ಬರೆದು ಶುರು ಮಾಡಿ ಅಂತ ಆ ಸಾಲನ್ನು ಅಕ್ಷರ ಬಿಡದೆ ಅಲ್ಲೇ ಕೊಟ್ಟಿದ್ದಾರೆ. ಅಲ್ಲೇ! ನಾನು ಓಕೆ ಒತ್ತಿದ ಡಬ್ಬಿಯಲ್ಲೇ. ನಾನು ಕಳಿಸಿದ ಫೋಟೋದಿಂದಲೇ ಓದಿ ಅವನು ನನಗೆ ಮಾರಿದ್ದಾನೆ. ಕುರ್ಚಿಯಿಂದ ಎದ್ದು ಹೋಗಿ ಸುಮ್ನೆ ಬಾಲ್ಕನಿಯಲ್ಲಿ ನಿಂತುಕೊಂಡೆ.

ಸತ್ಯ ಇಷ್ಟು. ನನ್ನದು ನಾಲ್ಕನೇ ತಲೆಮಾರಿನ ಇಂಟೆಲ್ ಐ5, ಒಳಗೆ ಎಚ್‌ಡಿ 4400 ಗ್ರಾಫಿಕ್ಸ್. ವಿಂಡೋಸ್‌ನಲ್ಲಿ ಅದಕ್ಕೆ ವಲ್ಕನ್ ಡ್ರೈವರ್ ಇಲ್ಲವೇ ಇಲ್ಲ, ಎಷ್ಟು ಅಪ್‌ಡೇಟ್ ಮಾಡಿದರೂ ಬರಲ್ಲ. ಗೋಡಾಟ್ 3 ಓಪನ್‌ಜಿಎಲ್ ಮೇಲೆ ನಡೆಯುತ್ತಿತ್ತು, ಅದಕ್ಕೇ ಆಗ ತೊಂದರೆ ಆಗಲಿಲ್ಲ. 4ರಲ್ಲಿ ಹೊಸ ಪ್ರಾಜೆಕ್ಟ್ ಮಾಡುವಾಗ ಚಿತ್ರ ಹೇಗೆ ಮೂಡಿಸಬೇಕು ಅನ್ನೋದಕ್ಕೆ ಫಾರ್ವರ್ಡ್ ಪ್ಲಸ್, ಮೊಬೈಲ್, ಕಂಪ್ಯಾಟಿಬಿಲಿಟಿ ಅಂತ ಮೂರು ಆಯ್ಕೆ ಕೇಳುತ್ತದೆ. ಹಳೇ ಲ್ಯಾಪ್‌ಟಾಪ್ ಇದ್ದವರು ಕಂಪ್ಯಾಟಿಬಿಲಿಟಿ ಆರಿಸಿಕೊಂಡರೆ ಓಪನ್‌ಜಿಎಲ್‌ನಲ್ಲೇ ನಡೆಯುತ್ತದೆ, ನನ್ನ ಅಳಿಗುಳಿ ಮಣೆಯಂಥ ಆಟಕ್ಕೆ ಅದು ಧಾರಾಳ ಸಾಕು. ಗೋಡಾಟ್ ಎಂಐಟಿ ಲೈಸೆನ್ಸಿನದು, ಪೂರ್ತಿ ಉಚಿತ. ವಲ್ಕನ್ ಕೂಡ ಎಲ್ಲರಿಗೂ ತೆರೆದಿಟ್ಟ ಮಾನದಂಡ. ಅದಕ್ಕೆ ಕೀ ಇಲ್ಲ, ವರ್ಷದ ಚಂದಾ ಇಲ್ಲ, ಎಕ್ಸ್‌ಪೈರ್ ಆಗಲು ಅದೇನು ಹಾಲಿನ ಪ್ಯಾಕೆಟ್ಟಾ?

ಪ್ರಾಪರ್ಟೀಸ್ ಸ್ಕ್ರೀನ್‌ಶಾಟ್ ಕಳಿಸಿ 'ಏನಿದು?' ಅಂತ ಕೇಳಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ.

'ಸರ್ ಅದು ಸರ್ವಿಸ್ ಚಾರ್ಜ್.'

ಲೈಸೆನ್ಸ್ ಅಂದಿದ್ದೆಯಲ್ಲ ಅಂದೆ.

'ಡಾಕ್ಟರ್ ಚೀಟಿಲೂ ಒಂದೇ ಸಾಲು ಇರುತ್ತೆ ಸರ್. ಫೀಸ್ ಕೊಡಲ್ವಾ?'

ಈ ಮಾತಿಗೆ ನನಗೆ ತಕ್ಷಣ ಉತ್ತರವೇ ಹೊಳೆಯಲಿಲ್ಲ. ಅದಕ್ಕೇ ಜಾಸ್ತಿ ಸಿಟ್ಟು ಬಂದಿದ್ದು. ನೋಡಿ, ನಿನ್ನ ಹಾರ್ಡ್‌ವೇರ್ ಹಳೇದು, ಈ ಸಾಲು ಸೇರಿಸಿದರೆ ಆಗುತ್ತದೆ, ಹೇಳಿಕೊಟ್ಟಿದ್ದಕ್ಕೆ 500 ಕೊಡು ಅಂದಿದ್ದರೆ ಖುಷಿಯಿಂದ ಕೊಡುತ್ತಿದ್ದೆ. ಯಾವ ಡಾಕ್ಟರು ನಿನ್ನ ರಕ್ತದ ಲೈಸೆನ್ಸ್ ಮುಗಿದಿದೆ ಅಂತಾನೆ? ಇದನ್ನ ಟೈಪ್ ಮಾಡಿ ಕಳಿಸುವಷ್ಟರಲ್ಲಿ ಅವನದು ಇನ್ನೊಂದು ಬಂತು: 'ಜಾಸ್ತಿ ಮಾತಾಡಿದ್ರೆ ಲೈಸೆನ್ಸ್ ಕ್ಯಾನ್ಸಲ್ ಮಾಡ್ತೀನಿ.' ಇಲ್ಲದ ಲೈಸೆನ್ಸನ್ನು ಕ್ಯಾನ್ಸಲ್ ಮಾಡುತ್ತಾನಂತೆ.

ಆದರೆ ಆ ಮಾತಿನಿಂದಲೇ ಹೆದರಿಕೆ ಶುರುವಾಗಿ ಹುಡುಕಿದೆ. ಅವನು ಹಾಕಿಸಿದ ಆಪ್ ಪ್ರತಿ ಸಲ ಕಂಪ್ಯೂಟರ್ ಆನ್ ಆದಾಗಲೂ ತಾನೇ ಶುರುವಾಗುತ್ತಿತ್ತು, ನನ್ನನ್ನು ಕೇಳದೆ ಒಳಗೆ ಬರಲು ಪಾಸ್‌ವರ್ಡ್ ಕೂಡ ಇಟ್ಟಿದ್ದ. ಎರಡು ವಾರ. ಎರಡು ವಾರ ಬಾಗಿಲು ತೆರೆದೇ ಇತ್ತು. ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ಕೆಲಸ ಮಾಡಿದ್ದೆ. ಕಿತ್ತು ಹಾಕಿ, ಮೊಬೈಲಿನಿಂದ ಎಲ್ಲ ಪಾಸ್‌ವರ್ಡ್ ಬದಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ದೂರಿನ ನಂಬರ್ ಬಂದಿದೆ, ದುಡ್ಡು ಬಂದಿಲ್ಲ. ತಕ್ಷಣ ಫೋನ್ ಮಾಡಿದ್ದರೆ ಹಣ ತಡೆಯುವ ಸಾಧ್ಯತೆ ಇರುತ್ತದೆ. ನಾನು ಎರಡು ವಾರ ಕೈ ಮುಗಿದುಕೊಂಡು ಕೂತಿದ್ದೆನಲ್ಲ.

ಎರರ್ ಬಂದರೆ ಓಕೆ ಒತ್ತುವ ಮೊದಲು ಪೂರ್ತಿ ಓದಿ, ಇಂಗ್ಲಿಷ್ ಕಷ್ಟ ಅಂದ್ರೆ ಫೋಟೋ ತೆಗೆದು ಅನುವಾದ ಮಾಡಿಕೊಂಡಾದರೂ ಓದಿ. ಗುಂಪಿನಲ್ಲಿ ಎಲ್ಲರ ಮುಂದೆ ಉತ್ತರ ಹೇಳದೆ ಪರ್ಸನಲ್‌ಗೆ ಬಾ ಅನ್ನುವವನನ್ನು ಅಲ್ಲೇ ಬಿಡಿ, ಅವನು ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಲಿ.

ಗುಂಪಿನ ಆ ಹುಡುಗನಿಗೆ ಎರಡು ಗೀಟಿನ ಸಾಲನ್ನು ಎಲ್ಲರೆದುರಿಗೇ ಬರೆದು ಹಾಕಿದೆ. ಆಯ್ತು ಅಣ್ಣ, ಓಪನ್ ಆಯ್ತು ಅಂದ. ಹತ್ತು ನಿಮಿಷಕ್ಕೆ ಅಡ್ಮಿನ್ ನನ್ನನ್ನು ಗುಂಪಿನಿಂದ ತೆಗೆದುಹಾಕಿದ. ನಿನ್ನೆ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಬಂದಿದೆ: 'ಹಬ್ಬದ ಆಫರ್ ಸರ್, ವಲ್ಕನ್ ಲೈಸೆನ್ಸ್ ಎರಡು ವರ್ಷಕ್ಕೆ ಬರೀ 3,500.'