1613ಕ್ಕೆ ಅಲ್ಯೂಮಿನಿಯಂ ರೇಡಿಯೇಟರಾ, ಹಳೆಯದಕ್ಕೇ ತಾಮ್ರದ ಕೋರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಾಮ್ರಕ್ಕೆ. ಹಳೆ ಟಾಟಾ 1613 ಲಾರಿ ಇಟ್ಟುಕೊಂಡು ಕೊಪ್ಪಳ, ರಾಯಚೂರು ಕಡೆ ಬಾಡಿಗೆ ಹೊಡೆಯುವವರು ಹಳೆ ರೇಡಿಯೇಟರಿನ ಹಿತ್ತಾಳೆ ಟ್ಯಾಂಕುಗಳನ್ನು ಉಳಿಸಿಕೊಳ್ಳಿ. ನಡುವೆ ಹೊಸ ತಾಮ್ರದ ಕೋರ್, ಅಂದರೆ ನೀರು ಹರಿಯುವ ಟ್ಯೂಬುಗಳ ಜಾಲರಿ, ಹಾಕಿಸಿ.

ನಮ್ಮ ಮನೆಯಲ್ಲಿ ಎರಡು 1613 ಇವೆ. ಒಂದು ನನ್ನದು, ಇನ್ನೊಂದು ತಮ್ಮನದು. ಎರಡರಲ್ಲೂ ಆರು ಸಿಲಿಂಡರಿನ, 5.9 ಲೀಟರಿನ ಕಮಿನ್ಸ್ ಇಂಜಿನ್. ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್ಲುಗಳ ಭತ್ತ, ಅಕ್ಕಿಯೇ ಹೆಚ್ಚಿನ ಬಾಡಿಗೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಹೋದ ಬೇಸಿಗೆಯಲ್ಲಿ ಎರಡೂ ಲಾರಿ ಹೀಟ್ ಆಗತೊಡಗಿದವು. ತಮ್ಮ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ತಂದ. ನಾನು ಹಳೆಯದಕ್ಕೆ ಕೋರ್ ಹಾಕಿಸಿದೆ. ಹಾಗಾಗಿ ಒಂದೇ ದಾರಿ, ಒಂದೇ ಲೋಡಿನಲ್ಲಿ ಎರಡನ್ನೂ ನೋಡಲು ಸಿಕ್ಕಿತು.

ರೇಡಿಯೇಟರಿಗೆ ಕೈ ಹಾಕುವ ಮುಂಚೆ ಒಂದು ಗಮನಿಸಿ: ಲಾರಿ ಎಲ್ಲಿ ಹೀಟ್ ಆಗುತ್ತದೆ? ನಿಧಾನ ಹೋಗುವಾಗ, ಏರಿನಲ್ಲಿ ಮಾತ್ರ ಆದರೆ ಗಾಳಿಯ ತೊಂದರೆ ಇರಬಹುದು. ಫ್ಯಾನ್, ಬೆಲ್ಟ್, ಫ್ಯಾನ್ ಸುತ್ತಲಿನ ತಗಡಿನ ಬಳೆ (ಕೌಲ್) ನೋಡಿ. ಸಪಾಟು ರಸ್ತೆಯಲ್ಲಿ ವೇಗವಾಗಿ ಹೋದಾಗಲೂ ಟೆಂಪರೇಚರ್ ಮೀಟರಿನ ಮುಳ್ಳು ಏರಿದರೆ ನೀರು ಸರಿಯಾಗಿ ಓಡುತ್ತಿಲ್ಲ ಅಂತ ಅನುಮಾನ ಪಡಿ. ನಮ್ಮವೆರಡೂ ಸಿಂಧನೂರಿನ ಸಪಾಟು ರಸ್ತೆಯಲ್ಲೇ ಏರುತ್ತಿದ್ದವು. ಬಿಸಿಯಾದ ಇಂಜಿನ್ ನಿಲ್ಲಿಸಿ, ಫ್ಯಾನ್ ನಿಂತ ಮೇಲೆ ಕೋರಿನ ಮೇಲೆ ಕೈ ಆಡಿಸಿದರೆ ಅಲ್ಲಲ್ಲಿ ತಣ್ಣಗಿತ್ತು. ಅಲ್ಲಿ ಟ್ಯೂಬ್ ಕಟ್ಟಿದೆ ಅಂತ ಅರ್ಥ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ಬರುತ್ತಲೇ ಇದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲು) ಕಡೆ ಹೋಗಿ. ಮುಚ್ಚಳವೂ ಮುಖ್ಯ. ಅದು ಅರ್ಧ ಬಾರ್ ಒತ್ತಡ ಹಿಡಿದರೂ ಬರೀ ನೀರು 111 ಡಿಗ್ರಿ ತನಕ ಕುದಿಯುವುದಿಲ್ಲ. ರಬ್ಬರ್ ಹೋಗಿದ್ದರೆ 100ಕ್ಕೇ ಕುದಿಯುತ್ತದೆ.

ಮೇಸ್ತ್ರಿಗಳ ಹಳೆಯ ಉಪಾಯ ಇನ್ನೊಂದಿದೆ, ನೀರು ಬಿಸಿಯಾದಾಗ ತೆರೆಯುವ ಥರ್ಮೋಸ್ಟಾಟ್ ಕವಾಟವನ್ನೇ ಕಿತ್ತು ಬಿಸಾಕುವುದು. ಖರ್ಚಿಲ್ಲ ನಿಜ. ಆದರೆ ಈ ಇಂಜಿನ್ನಿನಲ್ಲಿ ಅದು ಬೇಡವೇ ಬೇಡ. ಇದರ ಥರ್ಮೋಸ್ಟಾಟ್ ತೆರೆದಾಗ ರೇಡಿಯೇಟರಿನ ದಾರಿ ತೆರೆಯುತ್ತದೆ, ಜೊತೆಗೆ ಬೈಪಾಸ್ ದಾರಿ ಮುಚ್ಚುತ್ತದೆ. ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ. ಕಿತ್ತ ಮೇಲೆ ಲೋಡಿನಲ್ಲಿ ಇನ್ನೂ ಜಾಸ್ತಿ ಹೀಟ್ ಆಗುವ ಲಾರಿಗಳಿವೆ. ಹಾಳಾಗಿದ್ದರೆ ಹೊಸದು ಹಾಕಿ, ತೆಗೆಯಬೇಡಿ.

ಈಗ ತಮ್ಮನ ಅಲ್ಯೂಮಿನಿಯಂ. ತೂಕ ಕಡಿಮೆ. ಬೆಳಿಗ್ಗೆ ತಂದರೆ ಸಂಜೆಗೆ ಲಾರಿ ರೋಡಿಗೆ. ಸಪಾಟು ರಸ್ತೆಯಲ್ಲಿ ಮುಳ್ಳು ಅಲ್ಲಾಡಲಿಲ್ಲ. ಶಾಖ ಸಾಗಿಸುವುದರಲ್ಲಿ ತಾಮ್ರ ಅಲ್ಯೂಮಿನಿಯಂಗಿಂತ ಮುಂದೆ. ಆದರೆ ಅಲ್ಯೂಮಿನಿಯಂನಲ್ಲಿ ಟ್ಯೂಬ್ ಅಗಲ ಮಾಡಿ ಆ ಕೊರತೆ ತುಂಬುತ್ತಾರೆ. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಕೌಲಿನದು.  ಹೊಸ ರೇಡಿಯೇಟರಿನ ದಪ್ಪ ಹಳೆಯದಕ್ಕಿಂತ ಕಡಿಮೆ. ಬೋಲ್ಟಿನ ತೂತುಗಳೂ ಹೊಂದಲಿಲ್ಲ. ಕೌಲ್ ಮುಂದೆ ಸರಿಯಿತು, ಫ್ಯಾನ್ ಅದರ ಹೊರಗೆ ಉಳಿಯಿತು. ರೆಕ್ಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಕೌಲಿನೊಳಗೆ ಇದ್ದರೇ ಫ್ಯಾನ್ ಕೋರಿನ ಮೂಲಕ ಗಾಳಿ ಎಳೆಯುವುದು. ಇಲ್ಲದಿದ್ದರೆ ಪಕ್ಕದ ಸಂದಿಯಿಂದ ಇಂಜಿನ್ನಿನ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಓಡುವಾಗ ಎದುರು ಗಾಳಿ ಇದನ್ನು ಮುಚ್ಚಿ ಹಾಕುತ್ತದೆ. ಹೊಸಪೇಟೆಯಿಂದ ಸಂಡೂರಿಗೆ ಲೋಡು ಹೊತ್ತು ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಎದುರು ಗಾಳಿ ಎಲ್ಲಿಂದ ಬರಬೇಕು? ಅಲ್ಲೇ ಮುಳ್ಳು ಕೆಂಪಿಗೆ ಹೋಯಿತು. ಮೊದಲು ಏರಿನಲ್ಲಿ ಇಷ್ಟು ಬೇಗ ಏರುತ್ತಿರಲಿಲ್ಲ.

ಮೇಸ್ತ್ರಿ ತಗಡು ಕತ್ತರಿಸಿ ಕೌಲಿಗೆ ಜೋಡಿಸಿದರು. ಗುಂಡಿ ರಸ್ತೆಯಲ್ಲಿ ರೆಕ್ಕೆ ಅದಕ್ಕೆ ತಾಗಿ ಕಿರುಗುಟ್ಟಿತು. ಕೌಲ್ ಇರುವುದು ರೇಡಿಯೇಟರಿನ ಮೇಲೆ, ಫ್ಯಾನ್ ಇರುವುದು ಇಂಜಿನ್ನಿನ ಮೇಲೆ. ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಕುಲುಕುತ್ತದೆ. ಅದಕ್ಕೆ ನಡುವೆ ಜಾಗ ಬಿಡಲೇಬೇಕು. ಜಾಸ್ತಿ ಬಿಟ್ಟರೆ ಗಾಳಿ ಸೋರುತ್ತದೆ. ಮತ್ತೆ ಬಿಚ್ಚಿ, ಸುತ್ತಳತೆ ದೊಡ್ಡದು ಮಾಡಿ, ಅಂಚಿಗೆ ಹಳೆ ಟೈರ್ ಟ್ಯೂಬಿನ ರಬ್ಬರ್ ಪಟ್ಟಿ ಹೊಡೆದರು. ಈಗ ಏರು ಹತ್ತುತ್ತದೆ. ಆದರೆ ಹೊಸ ರೇಡಿಯೇಟರಿನಲ್ಲಿ ಉಳಿಸಿದ ಸಮಯವೆಲ್ಲ ಗ್ಯಾರೇಜಿನಲ್ಲಿ ಕಳೆಯಿತು. ಬಾಡಿಗೆಯೂ ಹೋಯಿತು. ಪಾರ್ಟ್ಸ್ ಅಂಗಡಿಯವರು "ಕೂರುತ್ತದೆ ಅಣ್ಣಾ" ಅಂದಿದ್ದರು. ಬೋಲ್ಟಿಗೆ ಕೂರುವುದು ಬೇರೆ, ಕೌಲಿಗೆ ಕೂರುವುದು ಬೇರೆ. ಕೊಳ್ಳುವ ಮುಂಚೆ ಹಳೆಯದನ್ನು ಪಕ್ಕಕ್ಕಿಟ್ಟು ದಪ್ಪ ಅಳೆಯಿರಿ.

ಇನ್ನು ಭತ್ತದ ಹೊಟ್ಟು. ಅಲ್ಯೂಮಿನಿಯಂ ರೇಡಿಯೇಟರಿನ ಫಿನ್ (ಟ್ಯೂಬಿನ ನಡುವಿನ ತೆಳು ತಗಡು) ಹತ್ತಿರ ಹತ್ತಿರ ಇವೆ, ಮಿಲ್ ಅಂಗಳದ ದೂಳು ಬೇಗ ಸಿಕ್ಕಿಕೊಳ್ಳುತ್ತದೆ. ಎರಡಕ್ಕೂ ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆಯಿರಿ. ಒತ್ತಡ ಕಡಿಮೆ ಇರಲಿ, ಇಲ್ಲದಿದ್ದರೆ ಫಿನ್ ಮಡಚುತ್ತವೆ.

ನನ್ನ ತಾಮ್ರದ ಕೋರಿಗೆ ಬಂದರೆ, ಟ್ಯಾಂಕು, ಬ್ರಾಕೆಟ್ಟು ಹಳೆಯವೇ, ಕೋರಿನ ದಪ್ಪವೂ ಹಳೆಯದೇ. ಕೌಲ್ ಇದ್ದ ಜಾಗದಲ್ಲೇ ಕೂತಿತು. ಕಾಯಬೇಕಾಯಿತು, ಅದು ಇದರ ದೊಡ್ಡ ತೊಂದರೆ. ಖರ್ಚು ತಮ್ಮನದಕ್ಕಿಂತ ಸ್ವಲ್ಪ ಜಾಸ್ತಿ, ಕಿತ್ತ ತಾಮ್ರವನ್ನು ತೂಕಕ್ಕೆ ಹಾಕಿ ಬಿಲ್ಲಿನಲ್ಲಿ ಕಳೆದ ಮೇಲೂ. ಆದರೆ ಸೋರಿದರೆ ಬೆಸುಗೆ ಹಾಕುವವರು ಸಣ್ಣ ಊರಲ್ಲೂ ಸಿಗುತ್ತಾರೆ. ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಒತ್ತಿ ಕೂರಿಸಿರುತ್ತಾರೆ, ಆ ಅಂಚು ಸೋರಿದರೆ ಬೆಸುಗೆ ಹಿಡಿಯುವುದಿಲ್ಲ. ಸುಮ್ನೆ ಗಮ್ ಹಚ್ಚಿಕೊಂಡು ಮನೆ ಸೇರಬೇಕು ಅಷ್ಟೇ.

ಯಾವುದು ಹಾಕಿದರೂ ಬೋರಿನ ಸವಳು ನೀರು ಹಾಕಬೇಡಿ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಟ್ಯೂಬಿನಲ್ಲೂ ಕಟ್ಟುವುದು. ನಮ್ಮ ಹಳೆ ಕೋರುಗಳನ್ನು ಕೊಂದದ್ದು ಅದೇ. ಕಾಲುವೆ ನೀರು ಮೆತ್ತಗಿದ್ದರೂ ರಾಡಿ ತರುತ್ತದೆ. ಬ್ಯಾಟರಿಗೆ ಹಾಕುವ ನೀರಿನ ಜೊತೆ ಅಷ್ಟೇ ಕೂಲಂಟ್ ಬೆರೆಸಿ, ಇನ್ನೊಂದು ಕ್ಯಾನ್ ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಿ. ತಾಮ್ರದ ರೇಡಿಯೇಟರಿದ್ದರೆ ಬೆಸುಗೆಗೆ ಹೊಂದುವ ಕೂಲಂಟ್ ಅಂತ ಕೇಳಿ ತನ್ನಿ.

ಲಾರಿ ಒಂದೆರಡು ವರ್ಷದಲ್ಲಿ ಮಾರುವವರು, ಏರಿಲ್ಲದ ದಾರಿಯವರು ಅಲ್ಯೂಮಿನಿಯಂ ಹಾಕಿಕೊಳ್ಳಲಿ, ಹಾಳೇನಿಲ್ಲ. ನಾನು ಈ ಲಾರಿ ಮಾರುವುದಿಲ್ಲ. ದೂರದ ಊರಿನಲ್ಲಿ ಕೆಟ್ಟು ನಿಂತರೆ ಭರಿಸುವ ಶಕ್ತಿಯೂ ನನಗಿಲ್ಲ. ತಮ್ಮನೂ ಮುಂದಿನ ಬೇಸಿಗೆಗೆ ತಾಮ್ರಕ್ಕೆ ಬರುತ್ತೇನೆ ಅನ್ನುತ್ತಿದ್ದಾನೆ. ಅವನ ಹಳೆ ರೇಡಿಯೇಟರನ್ನು ಅಂಗಡಿಯವರು ಎಕ್ಸ್‌ಚೇಂಜಿಗೆ ಇಟ್ಟುಕೊಂಡರು. ಹಾಗಾಗಿ ಈಗ ಬಳ್ಳಾರಿಯ ಗುಜರಿಗಳಲ್ಲಿ ಹಿತ್ತಾಳೆ ಟ್ಯಾಂಕ್ ಹುಡುಕುತ್ತಿದ್ದೇವೆ. ನೀವು ಹೊಸದೇ ತಂದರೂ ಹಳೆಯದನ್ನು ಕೊಡಬೇಡಿ, ಮನೆಯಲ್ಲಿಟ್ಟುಕೊಳ್ಳಿ.