ಶಿರಸಿಯ ಚಳಿ, ಕರಿ ಕಂಬಳಿ ಮತ್ತು ಒಂದು ಫ್ಯಾಶನ್ ಫೋಟೊ ಸ್ಟುಡಿಯೊ

ಫೋಟೊ ತೆಗೆಯುವುದಕ್ಕೆ ಹತ್ತರಲ್ಲಿ ಒಂಬತ್ತು. ತೆಗೆದ ಮೇಲೆ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸಕ್ಕೆ ನಾಲ್ಕು. ಶಿರಸಿ ಪೇಟೆಯ ಈ ಸ್ಟುಡಿಯೊಕ್ಕೆ ನಾನು ಕೊಡುವ ಅಂಕ ಇಷ್ಟು. ಹೆಸರು ಬರೆಯುವುದಿಲ್ಲ, ಯಾಕೆಂದರೆ ಅದನ್ನು ನಡೆಸುವ ಗಂಡ ಹೆಂಡತಿ ಇಬ್ಬರೂ ನನ್ನ ಗಿರಾಕಿಗಳು. ನಾನು ದೇವಿಕೆರೆ ಹತ್ತಿರ ಬ್ಲೌಸು, ಚೂಡಿದಾರ ಹೊಲಿಯುವವಳು. ಯಾವ ಫೋಟೊ ಕೈಗೆ ಬಂದರೂ ಮುಖಕ್ಕಿಂತ ಮೊದಲು ನನಗೆ ಕಾಣುವುದು ತೋಳಿನ ಫಿಟ್ಟಿಂಗು. ಈ ವಿಮರ್ಶೆಯನ್ನೂ ಹಾಗೇ ಓದಿಕೊಳ್ಳಿ.

ತಂಗಿಯ ಮಗಳು ಬೆಂಗಳೂರಿನಲ್ಲಿ ಫ್ಯಾಶನ್ ಡಿಸೈನ್ ಓದುತ್ತಾಳೆ. ಚಳಿಗಾಲದ ಉಡುಪು ಅಂತ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಗುಡ್ಡಗಾಡಿನ ಹಿನ್ನೆಲೆಯಲ್ಲಿ ಪೋರ್ಟ್ರೇಟ್ ಬೇಕು. ಅವಳ ಮೊಬೈಲ್ ತುಂಬ ಮನಾಲಿ, ಗುಲ್ಮಾರ್ಗ್: ಹಿಮ, ತುಪ್ಪಳದ ಕಾಲರ್, ಮೊಣಕಾಲುದ್ದದ ಬೂಟು. ಫೋಟೊಗ್ರಾಫರ್ ಎಲ್ಲವನ್ನೂ ಪೂರ್ತಿ ನೋಡಿ, "ತಂಗಿ, ಅಲ್ಲಿ ಹಿಮ ಇದ್ದು. ನಮ್ಮಲ್ಲಿ ಎಂತ ಇದ್ದು ನೋಡನ" ಅಂದರು. ನಾನು ಒಂಬತ್ತು ಅಂಕ ಕೊಟ್ಟಿದ್ದರಲ್ಲಿ ಅರ್ಧ ಈ ಮಾತಿಗೇ.

ನಮ್ಮಲ್ಲಿ ಇದ್ದದ್ದು ಅಟ್ಟದ ಮೇಲಿನ ಕರಿ ಕಂಬಳಿ. ಮಾವನವರು ಮಳೆಗಾಲದಲ್ಲಿ ಅದನ್ನು ತಲೆ, ಬೆನ್ನು ಮುಚ್ಚುವ ಹಾಗೆ ಮಡಚಿ, ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದದ್ದು. ಫೋಟೊಗ್ರಾಫರ್ ಹೆಂಡತಿ ಅದನ್ನು ಕೊಡವಿ ಬಿಸಿಲಿಗೆ ಹಾಕಿ, ಮರುದಿನ ಕೊಪ್ಪೆಯ ಮಡಿಕೆ ಹಾಗೇ ಉಳಿಸಿಕೊಂಡು ಹುಡುಗಿಯ ತಲೆಯ ಮೇಲೆ ಇಳಿಬಿಟ್ಟರು. ಸೊಂಟಕ್ಕೆ ಅಗಲದ ಚರ್ಮದ ಬೆಲ್ಟು. ಒಳಗೆ ಸಾಸಿವೆ ಬಣ್ಣದ ಹತ್ತಿ ಸೀರೆ, ನೆರಿಗೆ ಸ್ವಲ್ಪ ಮೇಲೆತ್ತಿ. ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಸಾಲು. ದೊಡ್ಡ ಪತ್ರಿಕೆಗಳ ಫ್ಯಾಶನ್ ಚಿತ್ರಗಳಲ್ಲೂ ಎದುರಿನಿಂದ ಹೊಲಿದ ಹಾಗೆ ಕೂರುವ ಕೋಟು ಹಿಂದಿನಿಂದ ಹೀಗೇ ಕ್ಲಿಪ್ಪಿನಲ್ಲಿ ನಿಂತಿರುತ್ತದೆ. ಭುಜದ ಹತ್ತಿರ ಎರಡು ಟಾಕು ನಾನೂ ಹಾಕಿಕೊಟ್ಟೆ. ಅದಕ್ಕೆ ಬಿಲ್ಲಿನಲ್ಲಿ ಏನೂ ಕಡಿಮೆ ಮಾಡಲಿಲ್ಲ ಅನ್ನುವುದು ಬೇರೆ ಮಾತು.

ಕಂಬಳಿಯ ಆಯ್ಕೆ ಚಂದಕ್ಕೆ ಮಾತ್ರ ಅಲ್ಲ. ಶಿಫಾನ್, ಜಾರ್ಜೆಟ್ ಇಬ್ಬನಿಗೆ ಮೈಗೆ ಅಂಟುತ್ತವೆ, ರೇಷ್ಮೆಯ ಮೇಲೆ ಹನಿ ಬಿದ್ದರೆ ಕಲೆ ನಿಲ್ಲುತ್ತದೆ. ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮೇಲಿನ ಒರಟು ಎಳೆಗಳಲ್ಲಿ ಇಬ್ಬನಿ ಸಣ್ಣ ಮಣಿಗಳಾಗಿ ಕೂತು, ಓರೆ ಬಿಸಿಲಿಗೆ ಕಂಬಳಿಯ ಅಂಚು ಪೂರ್ತಿ ಹೊಳೆಯಿತು. ಆ ಕೆಲಸ ಯಾವ ಜರಿಯಿಂದಲೂ ಆಗುತ್ತಿರಲಿಲ್ಲ.

ಜಾಗದ ವಿಷಯದಲ್ಲೂ ಅವರ ಲೆಕ್ಕ ಸರಿ. ಎಲ್ಲರಂತೆ ನಾವೂ ಯಾಣ ಅಂದೆವು. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಹಿನ್ನೆಲೆಗೆ ಇನ್ನೇನು ಬೇಕು? ಅವರು ಬೇಡ ಅಂದರು. ಕಪ್ಪು ಸುಣ್ಣಕಲ್ಲಿನ ಬಂಡೆಯ ಮುಂದೆ ಕಪ್ಪು ಕಂಬಳಿ ನಿಂತರೆ ಎರಡೂ ಒಂದಾಗಿ ಮುಖ ಮಾತ್ರ ತೇಲುತ್ತದೆ. ಸಾಲದ್ದಕ್ಕೆ ರಜೆಯ ದಿನ ಅಲ್ಲಿ ಸೆಲ್ಫಿಯವರ ಸಂತೆ. ದೇವಿಮನೆ ಘಟ್ಟಕ್ಕೂ ಒಪ್ಪಲಿಲ್ಲ. ಕುಮಟಾ ರಸ್ತೆಯ ಕಾಮಗಾರಿಯ ಧೂಳು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಸಹಸ್ರಲಿಂಗಕ್ಕೆ ಬರುತ್ತಾರೆ, ಆದರೆ ದಂಡೆಯಲ್ಲಿ ಮಾತ್ರ. ಚಳಿಗಾಲದಲ್ಲಿ ಶಾಲ್ಮಲೆಯ ನೀರು ಇಳಿದು ಕಲ್ಲಿನ ಮೇಲಿನ ಲಿಂಗಗಳು ತೆರೆದುಕೊಳ್ಳುತ್ತವೆ. ಅವುಗಳ ಮೇಲೆ ಚಪ್ಪಲಿ ಹಾಕಿ ನಿಂತು ಪೋಸ್ ಕೊಡುವವರನ್ನು ಅವರು ವಾಪಸ್ ಕಳಿಸಿದ್ದಾರಂತೆ. ಸರಿಯಾಗಿ ಮಾಡಿದರು.

ಕೊನೆಗೆ ನಮ್ಮ ತೋಟದ ಮೇಲಿನ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನೇ ಆರಿಸಿದರು. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ಕಳೆದರೆ ಬೆಳಿಗ್ಗೆ ಅಡಿಕೆ ತೋಟದ ಕಣಿವೆ ಮಂಜಿನಿಂದ ತುಂಬಿರುತ್ತದೆ, ಬೆಟ್ಟದ ನೆತ್ತಿ ಮಾತ್ರ ಹೊರಗೆ. ಜನವರಿಯಲ್ಲಿ ಇಲ್ಲಿ ಸೂರ್ಯ ಏಳುವುದು ಏಳು ಗಂಟೆಯ ಸುಮಾರಿಗೆ. ಬಿಸಿಲು ಬಲಿತಂತೆ ಮಂಜು ಕರಗುತ್ತದೆ, ಆದ್ದರಿಂದ ಕೆಲಸಕ್ಕೆ ಸಿಗುವುದು ಒಂದೂವರೆ ತಾಸು. ಮಂಜು ಇರುವಷ್ಟು ಹೊತ್ತು ಕಿಟಕಿಗೆ ಮಲ್ಲಿನ ಪರದೆ ಇಳಿಬಿಟ್ಟಂತೆ ಬೆಳಕು, ಮೂಗಿನ ಕೆಳಗೂ ಗಟ್ಟಿ ನೆರಳಿಲ್ಲ. 85 ಎಂಎಂ ಲೆನ್ಸು ಹಾಕಿ ದೂರ ನಿಂತಿದ್ದರು. ಹಿಂದಿನ ಅಡಿಕೆ ಮರಗಳು ಬರೀ ಗೆರೆಗಳಾಗಿ ಉಳಿದವು. ಬಿಳಿ ಮಂಜನ್ನು ಕ್ಯಾಮೆರಾ ತಾನಾಗಿಯೇ ಬೂದು ಅಂತ ಅಳೆದು ಚಿತ್ರವನ್ನು ಮಂಕು ಮಾಡುತ್ತದೆ, ಅದಕ್ಕೇ ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡರಷ್ಟಕ್ಕೆ, ಏರಿಸಿಕೊಳ್ಳಬೇಕು ಅಂತ ತೋರಿಸಿಯೂ ಕೊಟ್ಟರು. ಕಾರಿನಲ್ಲಿ ಎಸಿ ಹಾಕಲು ಬಿಡಲಿಲ್ಲ. ತಣ್ಣಗಾದ ಲೆನ್ಸನ್ನು ತೇವದ ಗಾಳಿಗೆ ತೆಗೆದರೆ ಗಾಜಿನ ಮೇಲೆ ನೀರು ಕಟ್ಟುತ್ತದಂತೆ.

ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲ ಬೇರೆ. ಕೆಳಗಿನ ಮನೆಯಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯಿಂದ ಹಬೆ ಏಳುತ್ತಿತ್ತು. ಅದನ್ನು ಕಂಡದ್ದೇ ಮನುಷ್ಯ ಹುಡುಗಿಯನ್ನು ಅದರ ಮುಂದೆ ನಿಲ್ಲಿಸಿ, ಸೂರ್ಯನನ್ನು ಹಿಂದಕ್ಕೆ ಹಾಕಿಕೊಂಡು ತೆಗೆದ ಚಿತ್ರ ಈ ಇಡೀ ಸೆಟ್ಟಿನಲ್ಲೇ ಎಲ್ಲಕ್ಕಿಂತ ಚಂದದ್ದು. ಹಬೆಯೆಲ್ಲ ಬಂಗಾರ, ನಡುವೆ ಕಪ್ಪು ಕೊಪ್ಪೆ, ಅದರೊಳಗೆ ಅವಳ ಚೂಪು ಗಲ್ಲ.

ಮೇಕಪ್ಪಿನವಳನ್ನು ಮಾತ್ರ ಬದಲಿಸಲಿ. ಪೌಡರ್ ಮೆತ್ತಿದ್ದು ಚಳಿಗೆ ಒಣಗಿ ಮೂಗಿನ ಪಕ್ಕ ಪದರ ಎದ್ದಿತು. ನಾನೇ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದಲ್ಲ, ಬೆರಳಿನಿಂದ ಕೆರೆದು ಕೆನ್ನೆಯ ಮೂಳೆಗೆ, ತುಟಿಗೆ ಸವರಿದರೆ ಸಾಕು. ಬಟ್ಟೆ ಬದಲಿಸಲು ಜಾಗವೂ ಇಲ್ಲ; ಕಾರಿನ ಗಾಜಿಗೆ ಶಾಲು ಕಟ್ಟಿಕೊಂಡೆವು. ಕಷಾಯದ ಫ್ಲಾಸ್ಕ್ ಮಾತ್ರ ಮರೆಯದೆ ತಂದಿದ್ದರು. ಚಳಿಗೆ ಭುಜ ಕಿವಿಯ ತನಕ ಏರುತ್ತದೆ, ಎರಡು ಗುಟುಕು ಬಿಸಿ ಒಳಗೆ ಹೋದರೆ ಇಳಿಯುತ್ತದೆ.

ಪೋಸಿನ ಬಗ್ಗೆ ನಮ್ಮ ಕೂಸು, ಅಂದರೆ ತಂಗಿಯ ಮಗಳು, ಮತ್ತು ಫೋಟೊಗ್ರಾಫರ್ ನಡುವೆ ಜಗಳವೇ ಆಯಿತು. 1933ರಲ್ಲಿ ಹಂಗೇರಿಯ ಮಾರ್ಟಿನ್ ಮುಂಕಾಚಿ ಹಾರ್ಪರ್ಸ್ ಬಜಾರ್ ಪತ್ರಿಕೆಗಾಗಿ ರೂಪದರ್ಶಿಯನ್ನು ಚಳಿ ಹಿಡಿದ ಕಡಲತೀರದಲ್ಲಿ ಓಡಿಸಿದ್ದನ್ನು ಅವಳು ಪಾಠದಲ್ಲಿ ಓದಿದ್ದಾಳೆ. ಈಜುಡುಗೆ, ಹಿಂದೆ ಹಾರುವ ಮೇಲುಹೊದಿಕೆ. ಆಟೋಟದ ಫೋಟೊ ತೆಗೆಯುತ್ತಿದ್ದವನು ಆತ. ಅಲ್ಲಿಯವರೆಗೆ ಗೊಂಬೆಯಂತೆ ನಿಲ್ಲುತ್ತಿದ್ದ ಫ್ಯಾಶನ್ ಚಿತ್ರಗಳಿಗೆ ಚಲನೆ ಬಂದದ್ದು ಅಲ್ಲಿಂದ ಅನ್ನುತ್ತಾರೆ. ಇವಳಿಗೂ ಓಡಬೇಕು. ಕಂಬಳಿಯ ತೂಕಕ್ಕೆ ಅದು ಹಾರುವುದಿಲ್ಲ ಅಂತ ಅವರು. ಕೊನೆಗೆ ತೋಟದ ಸಂಕದ (ಸಣ್ಣ ಕಾಲುಸೇತುವೆಯ) ಮೇಲೆ ಬಿರುಸಾಗಿ ನಡೆಸಿದರು. ಹಾರಲಿಲ್ಲ ನಿಜ, ಅಂಚು ಮಾತ್ರ ಭಾರವಾಗಿ ಬೀಸಿತು. ಭಾರದ ಬಟ್ಟೆ ಬೀಸುವ ಚಂದವೇ ಬೇರೆ. ಇದರಲ್ಲಿ ನಾನು ಕೂಸಿನ ಪಕ್ಷ.

ಇನ್ನು ಆ ನಾಲ್ಕು ಅಂಕದ ಕಥೆ. ಹೊಲಗದ್ದೆಯ ಬಟ್ಟೆಯನ್ನು, ತೋಟದ ಹಬೆಯನ್ನು ಅಷ್ಟು ಚಂದ ಕಂಡ ಮನುಷ್ಯನೇ ಕಂಪ್ಯೂಟರ್ ಮುಂದೆ ಕೂತಾಗ ಎಲ್ಲವನ್ನೂ ಬೇರೆ ಯಾವುದೋ ಊರಿನದ್ದು ಮಾಡಲು ಹೊರಟಿದ್ದರು. 'ವಿಂಟರ್ ಟೋನ್' ಅಂತ ಚಿತ್ರದ ತುಂಬ ನೀಲಿ. ನೀಲಿ ಬಿದ್ದರೆ ಸಾಸಿವೆ ಬಣ್ಣ ಹಸಿರಿಗೆ ತಿರುಗುತ್ತದೆ. ಬಣ್ಣ ಹೊಂದಿಸಿ ಲೈನಿಂಗ್ ಕತ್ತರಿಸುವವಳಿಗೆ ಅದು ಕಾಣದೆ ಇರುತ್ತದೆಯೇ? ಕಂಬಳಿ ಕಡುನೀಲಿ. ನಮ್ಮ ಎಣ್ಣೆಗಪ್ಪಿನ ಹುಡುಗಿ ಎರಡು ಛಾಯೆ ಬೆಳ್ಳಗೆ. ಒಂದರಲ್ಲಂತೂ ಹಿಮ ಬೀಳುವ ಎಫೆಕ್ಟು, ಹಿಂದೆ ಅಡಿಕೆ ಮರ! ಕೊಟ್ಟದ್ದೂ ಹೇಳಿದ ವಾರಕ್ಕಲ್ಲ, ಮದುವೆ ಸೀಸನ್ ನೆಪ. ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ಹಾಗೇ ಇರುವ ಮೂಲ ಚಿತ್ರ, ಇಟ್ಟುಕೊಂಡಿದ್ದರಿಂದ ಬಣ್ಣ ವಾಪಸ್ ತರಲು ಸಾಧ್ಯವಾಯಿತು. ಸ್ವಲ್ಪ ಗೊಣಗಿ ಮಾಡಿಕೊಟ್ಟರು. "ಎಲ್ಲ ಗಿರಾಕಿಗಳೂ ಬೆಳ್ಳಗೆ ಮಾಡಿ ಅಂತಲೇ ಕೇಳ್ತಾರೆ ಅಕ್ಕ" ಅಂದರು. ಅದೂ ಸುಳ್ಳಲ್ಲ.

ಸ್ಟುಡಿಯೊದ ಮೂಲೆಯಲ್ಲಿ ಮಣಿಸರಗಳ ರಾಶಿ, ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಉಡುಗೆಯಲ್ಲಿ ಫೋಟೊ ತೆಗೆಯುವ 'ಹಾಲಕ್ಕಿ ಲುಕ್' ಅಂತ ಒಂದು ಪ್ಯಾಕೇಜು. ಇದು ನನಗೆ ಹಿಡಿಸಲಿಲ್ಲ. 2021ರ ನವೆಂಬರಿನಲ್ಲಿ, ಗಿಡ ನೆಟ್ಟು ಬೆಳೆಸಿ ಹೆಸರಾದ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಫೋಟೊ ನಮ್ಮ ಜಿಲ್ಲೆಯ ಎಲ್ಲರ ಕಣ್ಣಲ್ಲಿದೆ. ಅದು ಆ ಜನರ ದಿನದ ಬಟ್ಟೆ. ನಾವು ಅರ್ಧ ತಾಸು ಬಾಡಿಗೆಗೆ ತೊಟ್ಟು ಬಿಚ್ಚಿಡುವ ವೇಷ ಅಲ್ಲ. ಕಂಬಳಿ ನಮ್ಮ ಅಟ್ಟದ್ದು, ಮಾವ ಹೊದ್ದದ್ದು. ಅದರಲ್ಲಿ ಆ ಮುಜುಗರ ಇರಲಿಲ್ಲ.

ಬೆಳಗಿನ ಶೂಟ್, ಸರಿಪಡಿಸಿದ 20 ಚಿತ್ರ, ಜೊತೆಗೆ 12×18 ಇಂಚಿನ ಒಂದು ಪ್ರಿಂಟ್ ಸೇರಿ ಎಂಟು ಸಾವಿರ. ಮೇಕಪ್ಪಿಗೆ ಬೇರೆ. ನಮ್ಮ ಊರಿಗೆ ದುಬಾರಿ, ಆದರೆ ಪ್ರಿಂಟ್ ಮ್ಯಾಟ್ ಕಾಗದದಲ್ಲಿ ಬಂದಿದೆ, ಕಂಬಳಿಯ ಎಳೆ ಎಣಿಸಬಹುದು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ "ಚೊಲೊ ಬೈಂದು" (ಚೆನ್ನಾಗಿ ಬಂದಿದೆ) ಅಂದವರು, ಕಂಬಳಿ ತೊಳೆದಿದ್ದೀರೋ ಇಲ್ಲವೋ ಅಂತ ಕೇಳಿದರು.

ಹೋಗುವವರು ಜನವರಿ ಮುಗಿಯುವುದರೊಳಗೆ ಹೋಗಿ. ಆಮೇಲೆ ಮಂಜು ತೆಳುವಾಗುತ್ತದೆ, ಅವರೂ ಮದುವೆ ಮನೆಗಳಿಗೆ ಓಡುತ್ತಿರುತ್ತಾರೆ. ಬಟ್ಟೆ ಮನೆಯಿಂದಲೇ ಒಯ್ಯಿರಿ: ಕೆಂಪು, ಸಾಸಿವೆ, ಕಡುಗಪ್ಪು ಎದ್ದು ಕಾಣುತ್ತವೆ, ಬಿಳಿ ಬಟ್ಟೆ ಮಂಜಿನಲ್ಲಿ ಕರಗಿ ಹೋಗುತ್ತದೆ. ಮುಂಗಡ ಕೊಡುವಾಗಲೇ ರಶೀದಿಯ ಮೇಲೆ ಬರೆಸಿಕೊಳ್ಳಿ: ಮೈಬಣ್ಣ ಮುಟ್ಟಬಾರದು, ಹಿಮ ಬೇಡ.