ವೆಬ್‌ಸೈಟಿಗೆ ಮುಳ್ಳಿನ ಗಡಿಯಾರ: ವರ್ಷಗಟ್ಟಲೆ ಬಳಸಿದ ಮೇಲೆ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಧಾರಣೆ ಹಾಕುವ ಚಿಕ್ಕ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಅದರ ಮೇಲ್ಭಾಗದಲ್ಲಿ ಮುಳ್ಳಿನ ಗಡಿಯಾರ ಇದೆ. ಎಸ್‌ವಿಜಿ ಚಿತ್ರ (ಚುಕ್ಕಿಗಳಿಂದಲ್ಲ, ಗೆರೆಗಳ ಲೆಕ್ಕದಿಂದ ಬಿಡಿಸುವಂಥದ್ದು), ಜೊತೆಗೆ ಮುಳ್ಳು ಓಡಿಸಲು ಸ್ವಲ್ಪ ಜಾವಾಸ್ಕ್ರಿಪ್ಟ್, ಅಂದರೆ ಬ್ರೌಸರಿನಲ್ಲಿ ಓಡುವ ಕೋಡ್. ಕಾಸು ಕೊಡಬೇಕಿಲ್ಲದ ಮುಕ್ತ ಕೋಡ್. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಮೊದಲು ಬೇರೆ ಸೈಟಿನಿಂದ ಐಫ್ರೇಮ್‌ನಲ್ಲಿ (ನಮ್ಮ ಪುಟದೊಳಗೆ ಬೇರೆ ಪುಟ ತೋರಿಸುವ ಚೌಕಟ್ಟು) ಬರುವ ಗಡಿಯಾರ ಇತ್ತು. ಅವರ ಸರ್ವರ್ ನಿಧಾನವಾದರೆ ನಮ್ಮ ಪುಟದಲ್ಲಿ ಬರೀ ಬಿಳಿ ಚೌಕ. ಕೆಳಗೆ ಜಾಹೀರಾತಿನ ಲಿಂಕ್ ಬೇರೆ. ಈಗಿನದು ನಮ್ಮ ಸರ್ವರಿನಲ್ಲೇ ಇದೆ, ಆ ಕಾಟ ತಪ್ಪಿತು. ಎಸ್‌ವಿಜಿ ಆದ್ದರಿಂದ ಮೊಬೈಲಿನಲ್ಲೂ ದೊಡ್ಡ ಟಿವಿಯಲ್ಲೂ ಗೆರೆ ಮಸುಕಾಗುವುದಿಲ್ಲ. ಅಂಕಿಗಳನ್ನು ೧ರಿಂದ ೧೨ರವರೆಗೆ ಕನ್ನಡದಲ್ಲೇ ಹಾಕಿಕೊಂಡೆ.

ಡಿಜಿಟಲ್ ಸಾಕಲ್ವಾ ಅಂತ ಕೇಳಿದವರಿದ್ದಾರೆ. ಹರಾಜಿಗೆ ಇನ್ನೆಷ್ಟು ಹೊತ್ತಿದೆ ಅನ್ನೋದು ಮುಳ್ಳು ನೋಡಿದರೆ ಕಳೆಯುವ ಲೆಕ್ಕವಿಲ್ಲದೆ ಗೊತ್ತಾಗುತ್ತದೆ. ಗೂಡಿನಿಂದ ನೂಲು ತೆಗೆಯುವ ನಮ್ಮ ಹಿರಿಯ ರೀಲರ್‌ಗಳಿಗೆ ಇದೇ ಇಷ್ಟ.

ನನಗೆ ತುಂಬಾ ಹಿಡಿಸಿದ್ದು ಇದರ ಲೆಕ್ಕ. ಪ್ರತಿ ಸಲವೂ ಸಮಯವನ್ನು ಹೊಸದಾಗಿ ಓದಿ ಕೋನ ಹಾಕುತ್ತದೆ. ಸೆಕೆಂಡ್ ಮುಳ್ಳಿಗೆ ಸೆಕೆಂಡಿಗೆ 6 ಡಿಗ್ರಿ, ನಿಮಿಷದ ಮುಳ್ಳಿಗೆ ನಿಮಿಷಕ್ಕೆ 6, ಗಂಟೆ ಮುಳ್ಳಿಗೆ ನಿಮಿಷಕ್ಕೆ ಅರ್ಧ ಡಿಗ್ರಿ. ಆ ಅರ್ಧ ಡಿಗ್ರಿ ಬಿಟ್ಟ ಗಡಿಯಾರಗಳಲ್ಲಿ ಹತ್ತೂವರೆಗೂ ಚಿಕ್ಕ ಮುಳ್ಳು ಹತ್ತರ ಮೇಲೇ ನಿಂತಿರುತ್ತದೆ. ಹಳೇ ಕೋನಕ್ಕೆ ಸುಮ್ನೆ 6 ಕೂಡಿಸುತ್ತಾ ಹೋಗುವ ಕೋಡ್ ಅಂತೂ ಬೇಡವೇ ಬೇಡ. ನಾವು ಬೇರೆ ಟ್ಯಾಬಿಗೆ ಹೋದರೆ ಬ್ರೌಸರ್ ಟೈಮರನ್ನು ನಿಧಾನ ಮಾಡುತ್ತದೆ. 2021ರಿಂದ ಕ್ರೋಮ್ ಕೆಲವು ಸಲ ನಿಮಿಷಕ್ಕೊಮ್ಮೆ ಮಾತ್ರ ಓಡಿಸುತ್ತದೆ. ವಾಪಸ್ ಬಂದಾಗ ಅಂಥ ಗಡಿಯಾರ ಹಿಂದೆ ಬಿದ್ದಿರುತ್ತದೆ.

ತೊಂದರೆಗಳೂ ಇದ್ದವು. ಮುಳ್ಳು ನಯವಾಗಿ ಸರಿಯಲಿ ಅಂತ ಕೋಡಿನಲ್ಲಿ ಸಿಎಸ್‌ಎಸ್ ಟ್ರಾನ್ಸಿಷನ್ ಇತ್ತು, ಅಂದರೆ ಹಳೇ ಕೋನದಿಂದ ಹೊಸ ಕೋನಕ್ಕೆ ಮೆಲ್ಲಗೆ ಸರಿಸುವ ಒಂದು ಸಾಲು. 59ನೇ ಸೆಕೆಂಡ್ ಮುಗಿದಾಗ ಕೋನ 354ರಿಂದ ಸೊನ್ನೆಗೆ ಇಳಿಯುತ್ತದೆ. ಆಗ ಮುಳ್ಳು ಇಡೀ ಸುತ್ತು ಹಿಂದಕ್ಕೆ ಓಡುತ್ತಿತ್ತು! ಆ ಒಂದು ಸಾಲು ತೆಗೆದೆ, ಸರಿಹೋಯಿತು.

ಇನ್ನೊಂದು ಇದಕ್ಕಿಂತ ದೊಡ್ಡದು. ಈ ಗಡಿಯಾರ ತೋರಿಸುವುದು ನೋಡುವವರ ಯಂತ್ರದ ಸಮಯ. ದುಬೈನಲ್ಲಿ ತೆರೆದರೆ ಒಂದೂವರೆ ಗಂಟೆ ಹಿಂದೆ. ಅದಕ್ಕೆ ‘ಏಷ್ಯಾ/ಕೋಲ್ಕತಾ’ ಕಾಲವಲಯ ಕೊಟ್ಟೆ. ಆದರೆ ಕಂಪ್ಯೂಟರಿನ ಸಮಯವೇ ತಪ್ಪಿದ್ದರೆ ಕಾಲವಲಯ ಏನೂ ಮಾಡಲಾರದು. ಮದರ್‌ಬೋರ್ಡಿನ ಬ್ಯಾಟರಿ ಹೋದ ಹಳೇ ಕಂಪ್ಯೂಟರುಗಳು ನಮ್ಮ ಕಡೆ ಇನ್ನೂ ಇವೆ. ಹಾಗಾಗಿ ಪುಟ ತೆರೆದಾಗ ಸರ್ವರ್ ಉತ್ತರದ ಜೊತೆ ಕಳಿಸುವ ತನ್ನ ಸಮಯವನ್ನು (ಡೇಟ್ ಹೆಡರ್) ಓದಿ, ವ್ಯತ್ಯಾಸ ಹಿಡಿದು, ಅಷ್ಟು ಕೂಡಿಸುವ ಹಾಗೆ ಮಾಡಿದ್ದೇನೆ. ಕ್ಯಾಶ್‌ನಿಂದ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದ, ಬಂದ ಉತ್ತರದಲ್ಲಿ ಹಳೇ ಸಮಯ ಇರುತ್ತದೆ, ಅದೊಂದು ನೋಡಿಕೊಳ್ಳಿ. ಈ ಸೌಲಭ್ಯ ಕೋಡಿನಲ್ಲೇ ಬರಬೇಕಿತ್ತು. ಒಂದು ಅಂಕ ಕಡಿಮೆ ಕೊಟ್ಟಿದ್ದು ಅದಕ್ಕೇ.

ಹಾಕುವವರು ಇನ್ನೊಂದು ಕೆಲಸ ಮಾಡಿ. ಪರದೆಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದುವ, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರಿಗೆ ಮುಳ್ಳಿನ ಚಿತ್ರ ಏನೂ ಹೇಳುವುದಿಲ್ಲ. ಸಮಯವನ್ನು ಅಕ್ಷರದಲ್ಲೂ ಕೊಡಿ. ಆದರೆ ಪ್ರತಿ ಸೆಕೆಂಡ್ ಅದು ಓದುತ್ತಾ ಕೂರದ ಹಾಗೆ ಇಡಿ.